ಬಣ್ಣ ತಲುಪುವ ಹೊತ್ತು

"ಗದ್ದ ಇಲ್ಲೆ ಊರ್ರಿ ಅವ್ವಾರ, ಹಣಿ ಮುಂದ ಹಚ್ರಿ. ಇನ್ನ ಕಣ್ಣ ಮಿಟುಕಬ್ಯಾಡ್ರಿ," ಎಂದು ನರ್ಸ್ ಮೀನಾ ಹೇಳುವಷ್ಟರಲ್ಲಿ ಲಗಮವ್ವ ಉಸಿರನ್ನೂ ಬಿಗಿಹಿಡಿದು ಕುಳಿತುಬಿಟ್ಟಿದ್ದಳು. ಉಸಿರು ಬಿಡಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೀನಾ ನಕ್ಕು, ಉಸಿರಾಡಬಹುದು ಎಂದು ಬೆನ್ನು ತಟ್ಟಿದಳು. ಕತ್ತಲು ಮಾಡಿದ ಕೋಣೆ, ಕ್ಯಾಮೆರಾದ ಮುಂದೆ ಗದ್ದ ಊರಿ ಕುಳಿತ ಅವ್ವ, ಮೇಜಿನ ಮೇಲೆ ಚಾಚಿದ ಅವಳ ಬಲಗೈ, ಆ ಕೈಯ ನರಕ್ಕೆ ಸಿಕ್ಕಿಸಿ ಪಟ್ಟಿ ಅಂಟಿಸಿದ ಸೂಜಿ. ಇದನ್ನೆಲ್ಲ ಪ್ರಜ್ಞಾ ಗೋಡೆಗೆ ಆತುಕೊಂಡು ನೋಡುತ್ತಿದ್ದಳು. ಅವ್ವನ ಚಪ್ಪಲಿ, ಕನ್ನಡಕ, ಎಲೆಯಡಿಕೆಯ ಚೀಲ ಅವಳ ಕೈಯಲ್ಲಿದ್ದವು.

ಬೈಲಹೊಂಗಲದ ಆ ಕಣ್ಣಿನ ಆಸ್ಪತ್ರೆಗೆ ತಾಯಿ ಮಗಳು ಉಗರಗೋಳದಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಲಗಮವ್ವನ ಚಾದಂಗಡಿ. ಸಕ್ಕರೆ ರೋಗ ಬಂದ ಮೇಲೆ ತಾನು ಮಾಡಿದ ಚಹವನ್ನು ತಾನು ಕುಡಿಯುವುದು ಬಿಟ್ಟಿದ್ದಳೇ ಹೊರತು ಒಲೆಯ ಮುಂದಿನ ಜಾಗ ಬಿಟ್ಟಿರಲಿಲ್ಲ. ಕೆಲವು ತಿಂಗಳಿಂದ ಅವಳ ಎಡಗಣ್ಣಿಗೆ ಒಂದು ವಿಚಿತ್ರ ನಡೆದಿತ್ತು. ಇದ್ದಕ್ಕಿದ್ದಂತೆ ಮೇಲಿನಿಂದ ಕರಿಯ ಪರದೆ ಇಳಿದಂತಾಗಿ ಆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆ ತಾನಾಗಿಯೇ ಏರಿ ಎಲ್ಲ ಮೊದಲಿನಂತಾಗುತ್ತಿತ್ತು. ತಾನೇ ಬರುತ್ತದೆ, ತಾನೇ ಹೋಗುತ್ತದೆ, ಅದನ್ನೇನು ಊರಿಗೆಲ್ಲ ಹೇಳುವುದು ಎಂದು ಅವಳು ಸುಮ್ಮನಿದ್ದಳು. ಒಂದು ದಿನ ಚಹ ಸೋಸುವಾಗಲೇ ಪರದೆ ಇಳಿಯಿತು. ಕುದಿಯುವ ಚಹ ಲೋಟ ತಪ್ಪಿ ಅವಳ ಮುಂಗೈ ಮೇಲೆ ಬಿತ್ತು. ಯರಗಟ್ಟಿಯ ಪೇಟೆಯಿಂದ ಟೆಂಪೋದಲ್ಲಿ ಕಾಳಿನ ಚೀಲ ಸಾಗಿಸುವ ಗಂಡ ಕಾಡಪ್ಪ ಆ ಹೊತ್ತಿಗೆ ಅಲ್ಲೇ ಇದ್ದ. ಅವನು ಕೈಗೆ ಬೆಣ್ಣೆ ಹಚ್ಚಿ, ರಾಮದುರ್ಗದಲ್ಲಿದ್ದ ಮಗಳಿಗೆ ಫೋನು ಮಾಡಿದ.

ಪ್ರಜ್ಞಾ ರಾಮದುರ್ಗದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಅದರ ಜೊತೆಗೆ ಧಾರವಾಡದಲ್ಲಿ ಸಂಶೋಧನೆ. ಹರಿಯುವ ರಕ್ತಕ್ಕೆ ಒಂದು ತೊಟ್ಟು ಬಣ್ಣವನ್ನೋ ಔಷಧವನ್ನೋ ಬಿಟ್ಟರೆ ಅದು ಹೇಗೆ ಹರಡುತ್ತ ಹೋಗುತ್ತದೆ ಎಂಬುದು ಅವಳ ವಿಷಯ. ಮನೆಯಲ್ಲಿ ಅದನ್ನು ಬಿಡಿಸಿ ಹೇಳುವ ಗೋಜಿಗೆ ಅವಳು ಹೋಗಿರಲಿಲ್ಲ. ಲೆಕ್ಕ ಎಂದಷ್ಟೇ ಹೇಳಿದ್ದಳು. ಲಗಮವ್ವ ಅಂಗಡಿಗೆ ಬಂದವರ ಮುಂದೆ, ನನ್ನ ಮಗಳು ಒಂದು ದೊಡ್ಡ ಲೆಕ್ಕ ಮಾಡುತ್ತಿದ್ದಾಳೆ, ವರ್ಷಗಳಾದವು, ಇನ್ನೂ ಮುಗಿದಿಲ್ಲ ಎಂದು ಅಭಿಮಾನದಿಂದಲೇ ಹೇಳಿಕೊಳ್ಳುತ್ತಿದ್ದಳು.

ಆ ಲೆಕ್ಕದ ಮೇಲೆ ಪ್ರಜ್ಞಾಗೆ ಈಚೆಗೆ ಬೇಸರ ಹುಟ್ಟಿತ್ತು. ಅವಳ ಹಾಳೆಗಳಲ್ಲಿ ರಕ್ತನಾಳವೆಂದರೆ ಒಂದು ನೇರ ಕೊಳವೆ. ಅದಕ್ಕೆ ಬಿಸಿಯಿಲ್ಲ, ಬಡಿತವಿಲ್ಲ, ಯಾರ ಮೈಯೊಳಗೂ ಅದಿಲ್ಲ. ಕೊಳವೆಯ ನಡುವಿನ ಹರಿವು ಜೋರು, ಗೋಡೆಗೆ ಹತ್ತಿದ್ದು ಬಹಳ ನಿಧಾನ. ಹಾಗಾಗಿ ಬಣ್ಣದ ತೊಟ್ಟು ಈಟಿಯಂತೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಇದಲ್ಲದೆ ಬಣ್ಣದ ಪ್ರತಿಯೊಂದು ಕಣವೂ ಹರಿವಿನ ಹಂಗಿಲ್ಲದೆ ತನ್ನ ಪಾಡಿಗೆ ಅತ್ತಿತ್ತ ಅಲೆಯುತ್ತಿರುತ್ತದೆ. ಪುಸ್ತಕಗಳು ಅದನ್ನು ವಿಸರಣೆ ಎನ್ನುತ್ತವೆ. ಹರಿವು ಎಳೆಯುವುದು, ಕಣ ಅಲೆಯುವುದು, ಇವೆರಡೂ ಸೇರಿದರೆ ಏನಾಗುತ್ತದೆ ಎಂದು ಅವಳು ವರ್ಷಗಟ್ಟಲೆ ಸಮೀಕರಣ ಬಿಡಿಸಿದ್ದಳು. ಒಂದು ಸಂಜೆ ಅವಳ ಮಾರ್ಗದರ್ಶಕ ನೀಲಕಂಠ ಸರ್ ಹಾಳೆ ತಿರುವುತ್ತ, ಇದನ್ನು ನೀನು ಎಂದಾದರೂ ಕಣ್ಣಿಂದ ಕಂಡಿದ್ದೀಯಾ ಎಂದು ಸುಮ್ಮನೆ ಕೇಳಿದ್ದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಅವಳು ಊರಿಗೆ ಬಂದು ಹಾಳೆಗಳನ್ನೆಲ್ಲ ಕಟ್ಟಿ ಕಪಾಟಿನ ಮೇಲಿಟ್ಟಳು. ಆಮೇಲೆ ಧಾರವಾಡದ ಕಡೆ ಮುಖ ಹಾಕಿರಲಿಲ್ಲ.

ಈಗ ಈ ಕತ್ತಲ ಕೋಣೆಯಲ್ಲಿ ಡಾಕ್ಟರ್ ಭಾವನಾ ಪರದೆಯ ಮುಂದೆ ಕುಳಿತಿದ್ದರು. ಪ್ರಜ್ಞಾಳಷ್ಟೇ ವಯಸ್ಸಿನವರು, ರಾಮದುರ್ಗದವರೇ. ಸಕ್ಕರೆ ರೋಗ ಕಣ್ಣಿನ ಒಳಪೊರೆಯನ್ನು ತಿಂದಿದೆಯೇ ಎಂದು ನೋಡಬೇಕು, ಕೈಯ ನರಕ್ಕೆ ಒಂದು ಬಣ್ಣ ಹಾಕುತ್ತೇವೆ, ಅದು ಕಣ್ಣಿಗೆ ಬಂದಾಗ ಫೋಟೋ ತೆಗೆಯುತ್ತೇವೆ, ಒಂದು ದಿನ ಮೈ ಹಳದಿಯಾಗುತ್ತದೆ, ಹೆದರಬೇಡಿ ಎಂದು ಅವರು ಮೊದಲೇ ತಿಳಿಸಿದ್ದರು. ಮೀನಾಳ ಕೈಯ ಸಿರಿಂಜಿನಲ್ಲಿ ಕೇಸರಿಯಂಥ ದ್ರವವಿತ್ತು. ಡಾಕ್ಟರು ತಲೆಯಾಡಿಸಿದರು. ಮೀನಾ ಹೆಬ್ಬೆರಳು ಒತ್ತಿದಳು.

ಪರದೆಯ ಮೇಲೆ ಬರೀ ಕಪ್ಪು. ಮೂಲೆಯಲ್ಲಿ ಸೆಕೆಂಡುಗಳು ಓಡತೊಡಗಿದವು. ಪ್ರಜ್ಞಾ ಮನಸ್ಸಿನಲ್ಲೇ ಆ ಬಣ್ಣದ ಬೆನ್ನು ಹತ್ತಿದಳು. ತೋಳಿನಿಂದ ಹೆಗಲಿಗೆ, ಅಲ್ಲಿಂದ ಗುಂಡಿಗೆಗೆ, ಗುಂಡಿಗೆಯಿಂದ ಶ್ವಾಸಕೋಶಕ್ಕೆ, ಮರಳಿ ಗುಂಡಿಗೆಗೆ, ಅಲ್ಲಿಂದ ಕುತ್ತಿಗೆಯ ಹಾದಿಯಲ್ಲಿ ಮೇಲಕ್ಕೆ. ಪುಸ್ತಕದಲ್ಲಿ ಓದಿ ಬಾಯಿಪಾಠವಾಗಿದ್ದ ದಾರಿ ಅದು. ಆದರೆ ಈಗ ಆ ತೋಳು ತನ್ನನ್ನು ಎತ್ತಿ ಆಡಿಸಿದ ತೋಳು, ಆ ಎದೆ ತಾನು ಕಿವಿಯಿಟ್ಟು ಮಲಗಿದ ಎದೆ.

ಕಾದರು. ಇನ್ನೂ ಕಪ್ಪೇ. ಮೀನಾ ಒಮ್ಮೆ ಸೂಜಿಯ ಕಡೆ, ಒಮ್ಮೆ ಡಾಕ್ಟರ ಕಡೆ ನೋಡಿದಳು.

ಆಗ ಕಪ್ಪಿನ ಹಿಂದೆ ಎಲ್ಲೋ ಮಸುಕು ಬೆಳಕು ಮೂಡಿತು. ಮಂಜು ಸರಿದಂತೆ ಹೊಲದ ಬದುಗಳು ಒಂದೊಂದಾಗಿ ಕಾಣಿಸಿಕೊಳ್ಳುವ ಹಾಗೆ, ಕಣ್ಣಿನ ತಳದ ಒಂದು ಬಿಂದುವಿನಿಂದ ಬಿಳಿಯ ಎಳೆಗಳು ಹೊರಟವು. ಒಂದು ಎರಡಾಗಿ ಕವಲೊಡೆಯಿತು, ಕವಲು ಮತ್ತೆ ಕವಲಾಯಿತು. ಯಾವುದಕ್ಕೂ ಅವಸರವಿರಲಿಲ್ಲ. ಎಳೆಯ ತುದಿ ಕೂದಲಿಗಿಂತ ತೆಳ್ಳಗಾಗಿ, ಕೊನೆಗೆ ಬರೀ ಹೊಳಪಾಗಿ ಹರಡಿ ನಿಂತಿತು. ಆಮೇಲೆ ಆ ಹೊಳಪಿನೊಳಗಿಂದ ಬೇರೆ ನಾಳಗಳು, ರಕ್ತವನ್ನು ಮರಳಿ ಒಯ್ಯುವ ನಾಳಗಳು, ತುಂಬತೊಡಗಿದವು. ಪ್ರಜ್ಞಾ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

ಆ ನಾಳಗಳಲ್ಲಿ ಎರಡೂ ದಂಡೆಗೆ ಬಿಳಿಯ ಗೆರೆ, ನಡುವೆ ಕಪ್ಪು. ಅಕ್ಕಪಕ್ಕದ ಸಣ್ಣ ಕವಲುಗಳು ಬಣ್ಣ ತಂದು ಸುರಿಯುತ್ತಿದ್ದವು, ಆ ಬಣ್ಣ ಗೋಡೆಗುಂಟ ಹರಿಯುತ್ತಿತ್ತು. ನಡುವೆ ದೂರದಿಂದ ಬಂದ, ಇನ್ನೂ ಬಣ್ಣ ಕಾಣದ ರಕ್ತ. ಎರಡೂ ಮೈಗೆ ಮೈ ಹತ್ತಿಕೊಂಡು, ಒಂದಕ್ಕೊಂದು ಬೆರೆಯದೆ, ಪದರು ಪದರಾಗಿ ಸಾಗುತ್ತಿದ್ದವು. ಅವಳು ಕೊಳವೆಯನ್ನು ಬಳೆಬಳೆಯಾಗಿ ಸೀಳಿ, ಒಂದೊಂದು ಬಳೆಗೂ ಒಂದೊಂದು ವೇಗ ಕೊಟ್ಟು ಬರೆದದ್ದು ಇದನ್ನೇ. ನೋಡನೋಡುತ್ತಿದ್ದಂತೆ ಬಿಳಿ ದಂಡೆಯಿಂದ ನಡುವಿಗೆ ಕಾಲಿಟ್ಟಿತು. ದೂರದ ರಕ್ತವೂ ಈಗ ಬಣ್ಣ ಹೊತ್ತು ಬರುತ್ತಿತ್ತು. ಜೊತೆಗೆ ಕಣಗಳು ತಾವಾಗಿಯೇ ಒಳಕ್ಕೆ ಅಲೆದು ಬರುತ್ತಿದ್ದವು. ಯಾರೂ ಕಲಕಲಿಲ್ಲ, ಯಾರೂ ತಳ್ಳಲಿಲ್ಲ. ಕಪ್ಪು ಸಪೂರವಾಗಿ ಗೆರೆಯಾಯಿತು, ಗೆರೆ ಮಾಸಿತು. ನಾಳ ದಂಡೆಯಿಂದ ದಂಡೆಗೆ ತುಂಬಿ ಬೆಳಗಿತು. ಕೈಯಲ್ಲಿದ್ದ ಚಪ್ಪಲಿಯನ್ನು ಎದೆಗೆ ಅವುಚಿಕೊಂಡಿದ್ದು ಪ್ರಜ್ಞಾಗೆ ಆಮೇಲೆ ತಿಳಿಯಿತು.

ಡಾಕ್ಟರ್ ಭಾವನಾ ಮೂಲೆಯ ಸೆಕೆಂಡುಗಳ ಲೆಕ್ಕ ನೋಡಿದರು. ಬಣ್ಣವನ್ನು ಒಮ್ಮೆಲೇ ಹಾಕಿದೆಯಾ ಎಂದು ಮೀನಾಳನ್ನು ಕೇಳಿದರು. ಒಮ್ಮೆಲೇ ಹಾಕಿದ್ದೆಂದೂ ನರ ಚೆನ್ನಾಗಿತ್ತೆಂದೂ ಮೀನಾ ಹೇಳಿದಳು. ಅವರು ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ನೋಡಿದರು. ಎದ್ದು ದೀಪ ಹಾಕಿ, ಸ್ಟೆತಾಸ್ಕೋಪನ್ನು ಲಗಮವ್ವನ ಕುತ್ತಿಗೆಯ ಎಡಭಾಗಕ್ಕೆ ಇಟ್ಟು ಕಣ್ಣು ಮುಚ್ಚಿ ಕೇಳಿದರು.

"ಸಕ್ಕರಿ ರೋಗ ಕಣ್ಣಿಗೆ ಇಳದದೇನಂತ ನೋಡ್ಲಿಕ್ಕೆ ಫೋಟೋ ತಗದೆ," ಎಂದರು ಪ್ರಜ್ಞಾಳ ಕಡೆ ತಿರುಗಿ. "ಕಣ್ಣಿನೊಳಗ ಅಂಥಾದ್ದೇನೂ ಇಲ್ಲ. ಆದ್ರ ಬಣ್ಣ ಬಾಳ ತಡಾ ಮಾಡಿ ಬಂತು. ಬಂದಿದ್ದೂ ತೆಳ್ಳಗ, ಎಳಕೊಂಡು ಬಂದಂಗ ಬಂತು. ತೊಂದ್ರಿ ಕಣ್ಣಾಗಿಲ್ರೀ. ಕಣ್ಣಿಗೆ ಬರೋ ಹಾದಿಯೊಳಗದ."

ಅವರು ಸ್ಟೆತಾಸ್ಕೋಪನ್ನು ಅವಳ ಕಿವಿಗೆ ಕೊಟ್ಟರು. ಪ್ರಜ್ಞಾ ಕೇಳಿದಳು. ಪ್ರತಿ ಬಡಿತಕ್ಕೂ ಒಂದು ಸುಯ್ಲು, ಬಾಗಿಲ ಸಂದಿನಲ್ಲಿ ಗಾಳಿ ನುಗ್ಗುವಂಥ ಸದ್ದು. ಅಗಲದ ನಾಳದಲ್ಲಿ ರಕ್ತ ಸದ್ದಿಲ್ಲದೆ ಹರಿಯುತ್ತದೆಂದು ಅವಳಿಗೆ ಗೊತ್ತಿತ್ತು. ಇಕ್ಕಟ್ಟಿನಲ್ಲಿ ಮಾತ್ರ ಹೀಗೆ ಸದ್ದಾಗುತ್ತದೆ.

ಆಗ ಅವಳಿಗೆ ಇನ್ನೊಂದು ಮಾತು ಹೊಳೆಯಿತು. ಗಟ್ಟಿ ಆರೋಗ್ಯದ ಕಣ್ಣಿನಲ್ಲಿ ಇದೆಲ್ಲ ರೆಪ್ಪೆ ಮಿಟುಕುವುದರೊಳಗೆ ಮುಗಿದುಹೋಗುತ್ತದೆ. ಎಳೆ ಕವಲೊಡೆದದ್ದು, ಪದರುಗಳು ಜೊತೆಜೊತೆಗೆ ಸಾಗಿದ್ದು, ಬಿಳಿ ನಡುವಿಗೆ ಕಾಲಿಟ್ಟದ್ದು ತನಗೆ ಅಷ್ಟು ನಿಚ್ಚಳವಾಗಿ ಕಂಡದ್ದು ಅದು ಅಷ್ಟು ನಿಧಾನವಾಗಿದ್ದರಿಂದ. ತಾನು ಮೈಮರೆತು ನೋಡಿದ ಚೆಲುವೇ ಅವ್ವನಿಗೆ ಬಂದ ಕೇಡು. ಅವಳು ಅವ್ವನ ಮುಖ ನೋಡಿದಳು. ಕಣ್ಣಿಗೆ ಹಾಕಿದ ಹನಿಯಿಂದ ಲಗಮವ್ವನ ಪಾಪೆಗಳು ಹಿಗ್ಗಿ ದೊಡ್ಡವಾಗಿದ್ದವು. ಕೆನ್ನೆ, ಕೈಯೆಲ್ಲ ಹಳದಿಗೆ ತಿರುಗುತ್ತಿತ್ತು. ಗುಡ್ಡದಲ್ಲಿ ಭಂಡಾರದ ಅರಿಶಿನ ಬಡಿದುಕೊಂಡವರ ಹಾಗೆ ಕಾಣುತ್ತೇನೇನೋ ಎಂದು ಅವಳು ತನ್ನ ಅಂಗೈ ನೋಡಿಕೊಂಡು ನಗುತ್ತಿದ್ದಳು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಕುತ್ತಿಗೆಯ ಸ್ಕ್ಯಾನ್ ಆಯಿತು. ಮಿದುಳಿಗೂ ಕಣ್ಣಿಗೂ ರಕ್ತ ಒಯ್ಯುವ ಎಡಗಡೆಯ ನಾಳ ಕೊಬ್ಬು ಕಟ್ಟಿ ದಾರದಷ್ಟೇ ಸಂದಿ ಉಳಿದಿತ್ತು. ಕಣ್ಣಿಗೆ ಇಳಿಯುತ್ತಿದ್ದ ಕರಿಯ ಪರದೆ ಅದರದೇ ಮುನ್ಸೂಚನೆ. ಕುತ್ತಿಗೆ ತೆರೆದು ನಾಳ ಸ್ವಚ್ಛ ಮಾಡಬೇಕೆಂದು ಅಲ್ಲಿಯ ಶಸ್ತ್ರವೈದ್ಯರು ಹೇಳಿದರು. ಮಾಡದಿದ್ದರೆ ಯಾವ ಹೊತ್ತಿಗೆ ಬೇಕಾದರೂ ಒಂದು ಕಡೆಯ ಕೈಕಾಲು ಬೀಳಬಹುದು, ಮಾತು ಹೋಗಬಹುದು. ಮಾಡುವಾಗಲೂ ಅದೇ ಅಪಾಯ ಇಲ್ಲವೆಂದಲ್ಲ, ಆದರೆ ಅದು ಬಹಳ ಕಡಿಮೆ. ಯೋಚಿಸಿ ಬನ್ನಿ, ಆದರೆ ಬಹಳ ದಿನ ಯೋಚಿಸಬೇಡಿ ಎಂದರು.

ಕಾಡಪ್ಪ ಒಪ್ಪಲಿಲ್ಲ. ಅವನು ಸಿಡುಕಿನವನಲ್ಲ. ಮನೆಯಲ್ಲಿ ದನಿಯೆತ್ತಿ ಮಾತಾಡಿದವನೇ ಅಲ್ಲ. ಅಂಥವನು ಅಂದು ರಾತ್ರಿಯ ರೊಟ್ಟಿ ಮುಟ್ಟದೆ ಕಟ್ಟೆಯ ಮೇಲೆ ಕುಳಿತ.

"ಕಾಲಿಗೆ ಅಂದ್ರ ಬ್ಯಾರೆ, ಕೈಗೆ ಅಂದ್ರ ಬ್ಯಾರೆ. ಇದು ಕುತ್ತಗಿ ಐತಿ," ಎಂದ ಮಗಳಿಗೆ. "ನಡಕೋತ ಅಡ್ಡಾಡೋ ಹೆಣ್ಮಗಳನ್ನ ನಾನ ಒಯ್ದು ಕುತ್ತಗಿ ಕೊಯ್ಯಾಕ ಹ್ಯಾಂಗ ಕೊಡ್ಲಿ?"

ಪ್ರಜ್ಞಾ ತನಗೆ ತಿಳಿದದ್ದನ್ನೆಲ್ಲ ಹೇಳಿದಳು. ನಾಳದ ಅಗಲ ಅರ್ಧಕ್ಕಿಳಿದರೆ ಹರಿವು ಎಷ್ಟಕ್ಕಿಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದಳು. ಅವನು ಎಲ್ಲ ಕೇಳಿ ಮತ್ತೆ ಅದೇ ಮಾತಿಗೆ ಬಂದ. ಲಗಮವ್ವ ಮಾತ್ರ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ತನ್ನ ಮೈಯ ಮಾತನ್ನು ಬೇರೆ ಯಾರದೋ ಮನೆಯ ವ್ಯಾಜ್ಯವೆಂಬಂತೆ ಕೇಳುತ್ತ ಪಾತ್ರೆ ತೊಳೆಯುತ್ತಿದ್ದಳು. ಅವಳ ಆ ಮೌನವೇ ಪ್ರಜ್ಞಾಳನ್ನು ಹೆಚ್ಚು ಹೆದರಿಸಿತು. ಮರುದಿನ ಅವಳು ಡಾಕ್ಟರ್ ಭಾವನಾಗೆ ಫೋನು ಮಾಡಿ, ಆ ಚಿತ್ರಗಳನ್ನು ಅವ್ವನಿಗೆ ಒಮ್ಮೆ ತೋರಿಸಲಾದೀತೇ ಎಂದು ಕೇಳಿದಳು. ರೋಗಿಗಳು ಹಾಗೆ ಕೇಳುವುದು ಕಡಿಮೆ, ಕರೆದುಕೊಂಡು ಬನ್ನಿ ಎಂದರು ಅವರು.

ಈ ಸಲ ಕಾಡಪ್ಪನೇ ತನ್ನ ಟೆಂಪೋದಲ್ಲಿ ಕರೆತಂದ. ತಾನು ಮಾತ್ರ ಒಳಗೆ ಬರಲಿಲ್ಲ. ಡಾಕ್ಟರು ಲಗಮವ್ವನನ್ನು ಪರದೆಯ ಎದುರಿಗೆ ಕೂರಿಸಿ, ಚಿತ್ರಗಳನ್ನು ಒಂದರ ಹಿಂದೊಂದು ಓಡುವಂತೆ ಬಿಟ್ಟರು. ಕಪ್ಪು. ಮಸುಕು. ಬಿಳಿಯ ಎಳೆ, ಅದರ ಕವಲು, ಕವಲಿನ ಕವಲು.

ಲಗಮವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದಳು. ಮುಗಿದ ಮೇಲೆ ಇನ್ನೊಮ್ಮೆ ತೋರಿಸಲು ಕೈಸನ್ನೆ ಮಾಡಿದಳು. ಇನ್ನೊಮ್ಮೆ ನೋಡಿದಳು.

"ಡಾಕ್ಟರ್‌ಬಾಯಾರ, ಇದು ನನ್ನ ಕಣ್ಣೇನ್ರಿ?"

"ನಿಮ್ಮದರೀ. ಆವತ್ತು ತಗದದ್ದು."

"ಇಷ್ಟ ದಿನ ಇದು ಒಳಗ ಹಿಂಗ ಇತ್ತೇನ್ರಿ? ನಾ ಚಾ ಕಾಸೋವಾಗ, ಮಲಗಿದಾಗ, ಆಗೂ?"

ಹೌದು ಎಂದರು ಡಾಕ್ಟರು. ಲಗಮವ್ವ ಬೆರಳನ್ನು ಪರದೆಯ ಹತ್ತಿರ ಒಯ್ದು, ಮುಟ್ಟದೆ ಹಾಗೇ ಹಿಡಿದಳು. ಗುಡ್ಡದ ಗುಡಿಯ ಮುಂದೆ ನಿಂತಾಗಲೂ ಅವ್ವನ ಮುಖದಲ್ಲಿ ಇಂಥ ಶಾಂತಿಯನ್ನು ಪ್ರಜ್ಞಾ ಕಂಡಿರಲಿಲ್ಲ. ಆಮೇಲೆ ಲಗಮವ್ವ ಮಗಳ ಕಡೆ ತಿರುಗಿದಳು.

"ನೀ ಮಾಡೋ ಲೆಕ್ಕಾ ಇದರದೇನ?"

"ಹೂಂ ಅವ್ವ. ಇದರದ."

"ಮತ್ತ ಇಷ್ಟ ವರ್ಷ ಹೇಳಲಿಲ್ಲಲ್ಲ."

"ನನಗೂ ಗೊತ್ತಿದ್ದಿಲ್ಲವ್ವ," ಎಂದಳು ಪ್ರಜ್ಞಾ. ಅದು ಸುಳ್ಳಾಗಿರಲಿಲ್ಲ.

ಮಾರನೆಯ ದಿನ ಶುಕ್ರವಾರ, ಎಲ್ಲಮ್ಮನ ವಾರ. ಗುಡ್ಡದ ರಸ್ತೆ ಬೆಳಿಗ್ಗೆಯೇ ತುಂಬಿತ್ತು. ಪ್ರಜ್ಞಾ ಅಂಗಡಿಯಲ್ಲಿ ಲೋಟ ತೊಳೆಯುತ್ತ ಕುಳಿತಿದ್ದಳು. ಲಗಮವ್ವ ಒಲೆಯ ಮುಂದಿದ್ದಳು. ಆ ಬಣ್ಣ ಒಳಗೆ ಹೋಗಿ ಏನು ಮಾಡುತ್ತದೆ, ನೀನು ಲೆಕ್ಕ ಹಾಕುವುದಾದರೂ ಏನನ್ನು ಎಂದು ಅವಳು ತಿರುಗಿ ಕೇಳಿದಳು. ಪ್ರಜ್ಞಾ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ರಸ್ತೆಯತ್ತ ನೋಡಿದಳು. ಯಾವುದೋ ಊರಿನ ಟ್ರ್ಯಾಕ್ಟರಿನಿಂದ ಜನ ಇಳಿಯುತ್ತಿದ್ದರು, ಹೆಂಗಸರು, ಮಕ್ಕಳು, ತಲೆಯ ಮೇಲೆ ಬುಟ್ಟಿ ಹೊತ್ತವರು. ಎಲ್ಲರೂ ಒಟ್ಟಿಗೇ ಹೊರಟರು. ರಸ್ತೆಯ ನಡುವಿದ್ದವರು ಭರಭರನೆ ಮುಂದಾದರು. ಬದಿಗಿದ್ದವರು ಬಳೆ, ಕುಂಕುಮ, ಬೆಂಡುಬೆತ್ತಾಸಿನ ಅಂಗಡಿಗಳ ಮುಂದೆ ತಡೆದು ನಿಂತರು.

"ಅವ್ವ, ಇವರು ಹಿಂಗ ನಡದ್ರ ಏನಾಗಬೇಕು? ನಡುವ ಇದ್ದವರು ಮ್ಯಾಲೆ ಮುಟ್ಟೂ ಹೊತ್ತಿಗೆ ದಂಡಿಗೆ ಇದ್ದವರು ಇಲ್ಲೇ ಇರಬೇಕಲ್ಲ."

"ಒಬ್ರಿಗೊಬ್ರು ತಪ್ಪಿಸಿಕೋಬೇಕು. ಆದ್ರ ತಪ್ಪಿಸಿಕೊಳ್ಳಾಂಗಿಲ್ಲ," ಎಂದಳು ಲಗಮವ್ವ ಸೋಸುತ್ತ. "ನಡುವ ಹೊಂಟಾಕಿ ಬಳಿ ನೋಡಾಕಂತ ದಂಡಿಗೆ ಬರತಾಳ. ದಂಡಿಗೆ ನಿಂತಾಕಿ ಚಾ ಕುಡದು ನಡುವ ಹೊಕ್ಕೊಂತಾಳ."

"ಅಷ್ಟ ಅವ್ವ ನನ್ನ ಲೆಕ್ಕಾ. ರಕ್ತದಾಗ ಬಣ್ಣದ ಕಣಾನೂ ಹಂಗ ಅಡ್ಡಾಡತೈತಿ, ನಡುವಿಂದ ದಂಡಿಗೆ, ದಂಡಿಯಿಂದ ನಡುವ. ಅಡ್ಡಾಡಲಿಲ್ಲಂದ್ರ ಬಣ್ಣ ಎಲ್ಲೆಲ್ಲೋ ಹರಕೊಂಡು ಹೋಗಿಬಿಡತೈತಿ. ಅಡ್ಡಾಡೋದ್ರಿಂದನ ಒಂದು ಗುಂಪಾಗಿ ಹೋಗಿ ಮುಟ್ಟತೈತಿ."

ಹೇಳುತ್ತಿದ್ದಂತೆ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಅಡ್ಡ ಅಲೆದಾಟ ಹೆಚ್ಚಿದಷ್ಟೂ ಉದ್ದಕ್ಕೆ ಚೆದುರುವುದು ಕಡಿಮೆ ಎಂಬುದನ್ನು ಅವಳು ಎಷ್ಟು ಸಲ ಬಿಡಿಸಿ, ಎಷ್ಟು ಸಲ ಅಡಿಗೆರೆ ಎಳೆದಿದ್ದಳೋ. ಉತ್ತರ ಸರಿಬಂತೆಂದು ಸಂತೋಷಪಟ್ಟಿದ್ದಳೇ ಹೊರತು, ಗೊತ್ತುಗುರಿಯಿಲ್ಲದ ಕಣಗಳ ಆ ಅಲೆದಾಟವೇ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುತ್ತದೆ ಎಂಬುದನ್ನು ನಂಬಿರಲಿಲ್ಲ. ರಸ್ತೆಯಲ್ಲಿ ಆ ಟ್ರ್ಯಾಕ್ಟರಿನ ಜನ ಹಿಗ್ಗುತ್ತ ಕುಗ್ಗುತ್ತ, ಆದರೂ ಒಂದೇ ಊರಿನವರಾಗಿ ತಿರುವಿನಲ್ಲಿ ಮರೆಯಾದರು.

ಲಗಮವ್ವ ಗಿರಾಕಿಗಳಿಗೆ ಚಹ ಕೊಟ್ಟು ಬಂದು ಕುಳಿತಳು. ತನ್ನ ಕುತ್ತಿಗೆಯ ಎಡಭಾಗಕ್ಕೆ ಕೈ ಇಟ್ಟುಕೊಂಡು ಕೇಳಿದಳು, "ಇಲ್ಲಿ ಸಂದಿ ಕಟ್ಟೇತಿ ಅಂದ್ರಲ್ಲ. ಹಂಗಾದ್ರ?"

"ತಡಾ ಆಗತೈತಿ. ಬಂದ್ರೂ ಚೆದರಿ, ತೆಳ್ಳಗ ಬರತೈತಿ. ಒಂದಿನ ಬರೋದ ಇಲ್ಲ."

"ಹಂಗಾದ್ರ ಆ ಬೆಳಕೆಲ್ಲಾ ಆರಿ ಹೋಗತೈತೇನ?"

ಲಗಮವ್ವ ಒಲೆಯ ಉರಿ ಸಣ್ಣ ಮಾಡಿದಳು. "ನಿಮ್ಮಪ್ಪಗ ನಾ ಹೇಳತೇನಿ," ಎಂದಳು.

ಅವಳು ಗಂಡನಿಗೆ ಏನು ಹೇಳಿದಳೋ ಪ್ರಜ್ಞಾಗೆ ತಿಳಿಯಲಿಲ್ಲ. ಆ ಸಂಜೆ ಟೆಂಪೋ ತೊಳೆಯುತ್ತಿದ್ದ ಕಾಡಪ್ಪ ಅವಳನ್ನು ಕರೆದು, ಬೆಳಗಾವಿಗೆ ಯಾವಾಗ ಹೋಗಬೇಕು ಎಂದಷ್ಟೇ ಕೇಳಿದ.

ಶಸ್ತ್ರಚಿಕಿತ್ಸೆಯ ದಿನ ಲಗಮವ್ವನ ಹಸಿರು ಬಳೆಗಳನ್ನು ತೆಗೆಸಿ ನರ್ಸು ಕಾಡಪ್ಪನ ಕೈಗೆ ಕೊಟ್ಟಳು. ಅವನು ಅವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಅಲುಗಾಡಿದರೆ ಸದ್ದಾಗುತ್ತದೆಂದು ಕಿಸೆಯ ಮೇಲೆ ಅಂಗೈ ಒತ್ತಿ ಕುಳಿತ. ಬಾಗಿಲ ಆಚೆ ಒಂದು ನಾಳವನ್ನು ಕಟ್ಟಿ, ತೆರೆದು, ಒಳಗಿನದನ್ನು ಹೆರೆದು ತೆಗೆಯುತ್ತಿದ್ದಾರೆ, ಅಷ್ಟು ಹೊತ್ತು ಅವ್ವನ ಮಿದುಳಿಗೆ ಬೇರೆ ದಾರಿಗಳಿಂದ ರಕ್ತ ಸುತ್ತುಬಳಸಿ ಹೋಗುತ್ತಿದೆ ಎಂದು ಪ್ರಜ್ಞಾಗೆ ಗೊತ್ತಿತ್ತು. ಲೆಕ್ಕ ಬಲ್ಲವಳಾಗಿ ಆ ದಾರಿಗಳನ್ನು ಎಣಿಸಲು ಹೋದಳು. ಆಗಲಿಲ್ಲ. ಇಷ್ಟು ದೊಡ್ಡದು ಅಷ್ಟು ಸಣ್ಣ ಮೈಯಲ್ಲಿ, ಹೇಳುವವರು ಕೇಳುವವರಿಲ್ಲದೆ, ಇಷ್ಟು ವರ್ಷ ನಡೆದುಕೊಂಡು ಬಂದಿತ್ತಲ್ಲ ಎಂಬುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

ಮಧ್ಯಾಹ್ನ ಒಳಗೆ ಕರೆದರು. ಲಗಮವ್ವನ ಕುತ್ತಿಗೆಗೆ ಪಟ್ಟಿ ಸುತ್ತಿತ್ತು. ವೈದ್ಯರು ಅವಳ ಬಲಗೈ ಎತ್ತಿಸಿದರು, ಎತ್ತಿದಳು. ಬೆರಳು ಮಡಿಸಲು ಹೇಳಿದರು, ಮಡಿಸಿದಳು. ಏನಾದರೂ ಮಾತಾಡಿ ಎಂದರು. ಅವಳು ಗಂಡನ ಕಡೆ 'ಇಲ್ಲಿ ಬರ್ರಿ' ಎಂಬಂತೆ ನೋಡಿ, ತೊದಲದೆ, "ಅಂಗಡಿ ಕೀಲಿ ಹಾಕಿ ಬಂದೀರಿಲ್ಲೋ?" ಎಂದಳು. ಕಾಡಪ್ಪ ಹೂಂ ಎಂದು ತಲೆಯಾಡಿಸಿದ. ಕಿಸೆಯ ಮೇಲಿನ ಕೈ ತೆಗೆದು ಅವಳತ್ತ ಬಾಗಿದ. ಆಗ ಕಿಸೆಯೊಳಗಿನ ಬಳೆಗಳು ಸದ್ದು ಮಾಡಿದವು.

ಗಾಯ ಮಾಯ್ದ ಮೇಲೆ ಬೈಲಹೊಂಗಲದಲ್ಲಿ ಮತ್ತೊಮ್ಮೆ ಬಣ್ಣದ ಪರೀಕ್ಷೆ. ಪ್ರಜ್ಞಾ ಅಷ್ಟರಲ್ಲಿ ಕಪಾಟಿನ ಮೇಲಿನ ಕಟ್ಟು ಬಿಚ್ಚಿ, ಒಂದು ಸಲ ಧಾರವಾಡಕ್ಕೂ ಹೋಗಿಬಂದಿದ್ದಳು. ಕಂಡೆ ಸರ್ ಎಂದಾಗ ನೀಲಕಂಠ ಸರ್ ಬರೆಯುವುದು ನಿಲ್ಲಿಸಿ ಕುರ್ಚಿ ಎಳೆದು ಕೂರಿಸಿದ್ದರು. ಈ ಸಲ ಕತ್ತಲ ಕೋಣೆಯಲ್ಲಿ ಅವಳು ಡಾಕ್ಟರ ಬೆನ್ನ ಹಿಂದೆಯೇ ನಿಂತಳು. ಪದರುಗಳನ್ನು ಮತ್ತೆ ನೋಡಬೇಕು, ಬಿಳಿ ನಡುವಿಗೆ ಬರುವುದನ್ನು ಈ ಸಲ ಸರಿಯಾಗಿ ಗಮನಿಸಬೇಕು ಎಂದುಕೊಂಡಿದ್ದಳು. ಮೀನಾ ಹೆಬ್ಬೆರಳು ಒತ್ತಿದಳು. ಸೆಕೆಂಡುಗಳು ಓಡಿದವು. ಪ್ರಜ್ಞಾ ತನ್ನ ಕನ್ನಡಕ ಸರಿಮಾಡಿಕೊಳ್ಳಲು ಕೈಯೆತ್ತಿ ಇಳಿಸುವುದರೊಳಗೆ ಪರದೆಯ ತುಂಬ ಬೆಳಕು ತುಂಬಿತ್ತು. ಕವಲುಗಳೆಲ್ಲ ಒಮ್ಮೆಗೇ ಬೆಳಗಿ ನಿಂತಿದ್ದವು. ದಂಡೆ ಯಾವುದು, ನಡು ಯಾವುದು ಎಂದು ಹುಡುಕಲು ಎಡೆಯೇ ಸಿಗಲಿಲ್ಲ.

"ನೋಡ್ಲಿಕ್ಕೇನೂ ಸಿಗಲಿಲ್ಲ ನಿಮಗ ಈ ಸಲ," ಎಂದರು ಡಾಕ್ಟರ್ ಭಾವನಾ ತಿರುಗಿ ನೋಡದೆ.

"ಇಲ್ರಿ," ಎಂದಳು ಪ್ರಜ್ಞಾ. ಅವಳ ಕೆನ್ನೆ ಒದ್ದೆಯಾಗಿತ್ತು.

ಸಂಜೆಯ ಸವದತ್ತಿ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ಕಣ್ಣಿಗೆ ಹಾಕಿದ ಹನಿಯಿಂದ ಬಿಸಿಲು ಚುಚ್ಚುತ್ತದೆಂದು ಲಗಮವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಕಣ್ಣು ಮುಚ್ಚಿದಳು. ಊರು ದಾಟುವಷ್ಟರಲ್ಲಿ ನಿದ್ದೆ ಹೋದಳು. ಬಸ್ಸು ಪೂರ್ವಕ್ಕೆ ಓಡುತ್ತಿತ್ತು. ಹಿಂದಿನ ಗಾಜಿನಿಂದ ಇಳಿಬಿಸಿಲು ಸೀಟುಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ಒಂದು ತಗ್ಗಿಗೆ ಬಸ್ಸು ಎಗರಿದಾಗ ಸೆರಗು ಜಾರಿ ಅವಳ ಕಿವಿ ಬಯಲಾಯಿತು. ಹಿಂದಿನಿಂದ ಬಂದ ಬೆಳಕು ಆ ಕಿವಿಯನ್ನು ಹಾಯ್ದು ಈಚೆಗೆ ಬರುತ್ತಿತ್ತು. ಓಲೆಯ ಭಾರಕ್ಕೆ ಜಗ್ಗಿದ ತೂತು, ಅದರ ಸುತ್ತ ತೆಳುವಾದ ಚರ್ಮ, ಚರ್ಮದೊಳಗೆ ಹಳದಿ ಬೆರೆತ ಕೆಂಪು, ಆ ಕೆಂಪಿನಲ್ಲಿ ಕೂದಲೆಳೆಯಂಥ ಒಂದೆರಡು ಕವಲು. ಪ್ರಜ್ಞಾ ಅಲುಗಾಡದೆ ನೋಡುತ್ತ ಕುಳಿತಳು. ರಸ್ತೆ ತಿರುಗಿ, ಬೇವಿನ ಮರಗಳ ನೆರಳು ಬಸ್ಸಿನೊಳಗೆ ಬರುವವರೆಗೂ ಅದು ಹಾಗೇ ಬೆಳಗುತ್ತಿತ್ತು.